ಅವ್ವ ನೆಲದಿಂದ ಏಳುವ ರೀತಿ

ನನ್ನ ಸೊಂಟ ಕೈಕೊಟ್ಟಿದ್ದು ಭಾರ ಎತ್ತುವಾಗ ಅಲ್ಲ. ಒಂದು ಸೋಮವಾರ ಬೆಳಿಗ್ಗೆ ಕಚೇರಿಗೆ ಹೊರಟವಳು ಬಾಗಿಲ ಬಳಿ ಚಪ್ಪಲಿಯ ಪಟ್ಟಿ ಹಾಕಿಕೊಳ್ಳಲು ಬಗ್ಗಿದೆ. ಬಗ್ಗಿದವಳಿಗೆ ಮೇಲೇಳಲು ಆಗಲಿಲ್ಲ. ಸೊಂಟದ ಕೆಳಭಾಗದಲ್ಲಿ ಯಾರೋ ಒಳಗಿನಿಂದ ಹಿಡಿದುಕೊಂಡಂತಾಯಿತು. ಒಂದು ಕೈಯಲ್ಲಿ ಬಾಗಿಲ ಚಿಲಕ ಹಿಡಿದುಕೊಂಡು, ಉಸಿರು ಬಿಟ್ಟರೂ ನೋವು, ಎಳೆದುಕೊಂಡರೂ ನೋವು ಎನ್ನುವ ಸ್ಥಿತಿಯಲ್ಲಿ ಅರ್ಧ ಬಾಗಿ ನಿಂತೇ ಇದ್ದೆ. ಗಂಡ ಮಹಾಗಾಂವದ ಶಾಲೆಗೆ ಆಗಲೇ ಬಸ್ ಹತ್ತಿ ಹೋಗಿದ್ದರು. ಒಳಗೆ ತಲೆ ಬಾಚುತ್ತಿದ್ದ ಮಗಳನ್ನು ಕೂಗಿದೆ. ಅವಳು ಬಂದು ನನ್ನ ತೋಳು ಹಿಡಿದು, ಹೇಗೋ ನೆಲಕ್ಕೆ ಇಳಿಸಿ ಮಲಗಿಸಿದಳು. ಮಧ್ಯಾಹ್ನದವರೆಗೂ ಅಲ್ಲೇ, ಒಂದು ಕಾಲಲ್ಲಿ ಚಪ್ಪಲಿ ಇದ್ದಂತೆಯೇ ಮಲಗಿದ್ದೆ.

ಆಗ ನನಗೆ ನಲವತ್ತನಾಲ್ಕು. ಕಲಬುರಗಿಯ ಒಂದು ಸರ್ಕಾರಿ ಕಚೇರಿಯಲ್ಲಿ ಗುಮಾಸ್ತೆ. ಜಗತ್ ವೃತ್ತದ ಹಿಂದಿನ ಓಣಿಯಲ್ಲಿ, ಎರಡನೇ ಮಹಡಿಯ ಬಾಡಿಗೆ ಮನೆ. ಹಳೆಯ ದಾಖಲೆ ಪುಸ್ತಕಗಳನ್ನು ನೋಡಿ ಕಂಪ್ಯೂಟರಿಗೆ ಏರಿಸುವುದು ನನ್ನ ಕೆಲಸ. ಎಡಕ್ಕೆ ಪುಸ್ತಕ, ಎದುರಿಗೆ ಪರದೆ, ಕೆಳಗೆ ಹಿಂಬದಿ ಮುರಿದ ಖುರ್ಚಿ. ಹತ್ತಕ್ಕೆ ಕೂತರೆ ಊಟಕ್ಕೆ ಏಳುವುದು, ಮತ್ತೆ ಕೂತರೆ ಸಂಜೆ ಏಳುವುದು. ಐದು ವರ್ಷ ಹಾಗೇ ಕಳೆದಿತ್ತು. ಸೊಂಟ ನೋವು ಅದಕ್ಕೂ ಮೊದಲೇ ಆಗಾಗ ಬಂದು ಹೋಗುತ್ತಿತ್ತು. ಬಂದಾಗ ಮುಲಾಮು ಹಚ್ಚುತ್ತಿದ್ದೆ, ಹೋದಾಗ ಮರೆಯುತ್ತಿದ್ದೆ. ಆದರೆ ಪ್ರತಿ ಸಲ ಹೋಗುವಾಗ ಅದು ಏನನ್ನೋ ಜೊತೆಗೆ ಒಯ್ಯುತ್ತಿತ್ತು ಎಂದು ಈಗ ಅನಿಸುತ್ತದೆ. ಸೀನು ಬಂದರೆ ಗೋಡೆ ಹಿಡಿಯುವುದು, ಹಾಸಿಗೆಯಲ್ಲಿ ಮಗ್ಗುಲು ಬದಲಿಸುವಾಗ ಮಂಚದ ಅಂಚು ಹಿಡಿಯುವುದು, ನೆಲ ಒರೆಸುವ ಕೆಲಸವನ್ನು ಮಗಳಿಗೆ ಬಿಡುವುದು, ಇವೆಲ್ಲ ಒಂದೊಂದಾಗಿ ರೂಢಿಯಾಗಿದ್ದವು.

ದವಾಖಾನೆಯಲ್ಲಿ ಎಕ್ಸ್‌ರೇ ತೆಗೆದರು, ಆಮೇಲೆ ಎಂಆರ್‌ಐ ಮಾಡಿಸಿದರು. ಡಾಕ್ಟರು ಅದನ್ನು ಬೆಳಕಿಗೆ ಹಿಡಿದು ನೋಡಿ, "ಆಪರೇಷನ್ ಮಾಡೋವಂಥದು ಏನೂ ಇಲ್ಲ. ಡಿಸ್ಕ್ ಒಂದೀಟು ಸವದದ, ಈ ವಯಸ್ಸಿಗೆ ಎಲ್ಲಾರಿಗೂ ಸವೀತದ," ಎಂದರು. ಗುಳಿಗೆ ಕೊಟ್ಟು, ಬೆಲ್ಟ್ ಕಟ್ಟಿಕೊಳ್ಳಲು ಹೇಳಿ, ನೋವು ಇಳಿದ ಮೇಲೆ ವ್ಯಾಯಾಮ ಹೇಳಿಕೊಡುವವರ ಹತ್ತಿರ ಹೋಗಿ ಎಂದು ಚೀಟಿ ಬರೆದರು. ಏನೂ ಇಲ್ಲ ಎನ್ನುವ ಮಾತು ಸಮಾಧಾನ ಕೊಡಬೇಕಿತ್ತು. ನನಗೆ ನಾಚಿಕೆಯಾಯಿತು.

ಆ ನಾಚಿಕೆಗೆ ಕಾರಣವಿತ್ತು. ರಜೆ ಅರ್ಜಿಯ ವಿಚಾರಕ್ಕೆ ಕಚೇರಿಗೆ ಫೋನು ಮಾಡಿದ್ದಾಗ, ಎತ್ತಿದವರು ಫೋನನ್ನು ಮೇಜಿನ ಮೇಲಿಟ್ಟು ಕಡತ ಹುಡುಕಲು ಹೋದರು. ಆಚೆ ಯಾರೋ, "ಕುಂತು ಕುಂತು ಪಗಾರ ತಗೊಳ್ಳೋರಿಗೆ ಎಂಥಾ ಟೊಂಕ ನೋವು ರೀ?" ಎಂದು ನಕ್ಕಿದ್ದು ಕೇಳಿಸಿತು. ಸಿಟ್ಟು ಬರಲಿಲ್ಲ. ಯಾಕೆಂದರೆ ನನಗೂ ಅದೇ ಅನಿಸುತ್ತಿತ್ತು. ನಾನು ಯಾರ ಮಗಳು ಎಂಬುದು ಅವರಿಗೆ ಗೊತ್ತಿರಲಿಲ್ಲ, ನನಗೆ ಗೊತ್ತಿತ್ತು.

ನಮ್ಮವ್ವ ಕಮಲಾಪುರದಲ್ಲಿ ಇಡೀ ಆಯುಷ್ಯ ಕೂಲಿ ಮಾಡಿದವಳು. ಜೋಳದ ಹೊಲದಲ್ಲಿ ಕಸ ತೆಗೆದಳು, ತೊಗರಿ ಕೊಯ್ದಳು, ತೋಟಗಳಿಂದ ಕೆಂಪು ಬಾಳೆಯ ಗೊನೆ ಹೊತ್ತು ರಸ್ತೆಗೆ ತಂದಳು. ನಾನು ಮೂರನೇ ಇಯತ್ತೆಯಲ್ಲಿದ್ದಾಗ ಅಪ್ಪ ತೀರಿಕೊಂಡ. ಆಮೇಲೆ ನನ್ನನ್ನೂ ನನ್ನ ತಮ್ಮನನ್ನೂ ಸಾಕಿದ್ದು ಅವಳ ಎರಡು ಕೈ. ನಮ್ಮ ಕೇರಿಯಲ್ಲಿ ಅವಳಷ್ಟು ಭಾರ ಹೊರುವ ಹೆಂಗಸು ಇನ್ನೊಬ್ಬಳಿರಲಿಲ್ಲ ಎಂದು ಹೇಳುತ್ತಿದ್ದರು, ಅದನ್ನು ಕೇಳಿ ನಾನು ಬೀಗುತ್ತಿದ್ದೆ. ಅಂಥವಳ ಮಗಳು ಚಪ್ಪಲಿ ಹಾಕಿಕೊಳ್ಳಲು ಬಗ್ಗಿ ಬಿದ್ದಿದ್ದೆ.

ಸುದ್ದಿ ತಿಳಿದ ಮೂರನೇ ದಿನ ಅವ್ವ ಬಂದಳು. ತಮ್ಮ ಬಸ್ಸಿಗೆ ಹತ್ತಿಸಿ ಕಳಿಸಿದ್ದ. ಎರಡು ಮಹಡಿ ಹತ್ತಿ ಬಂದು, ನೀರು ಕುಡಿದು, ನನ್ನ ಹತ್ತಿರ ಕೂತು ನೆತ್ತಿ ಮುಟ್ಟಿದಳು.

"ಎಲ್ಲಿ ಬೇನಿ ಅದ?"

ತೋರಿಸಿದೆ. ಅವಳು ಅಲ್ಲಿ ಅಂಗೈಯಿಟ್ಟು ಮೆಲ್ಲಗೆ ನೀವಿದಳು. ಆಮೇಲೆ ಎದ್ದು ಅಡುಗೆ ಮನೆಗೆ ಹೋದಳು. ಎಪ್ಪತ್ತರ ಆಸುಪಾಸಿನ ಅವಳು ಅಂದಿನಿಂದ ರೊಟ್ಟಿ ತಟ್ಟಿದಳು, ಬಟ್ಟೆ ಒಗೆದಳು, ನೆಲ ಗುಡಿಸಿದಳು. ನಾನು ಮಲಗಿಕೊಂಡು ನೋಡುತ್ತಿದ್ದೆ. ಅವಳು ಗುಡಿಸುತ್ತ ನನ್ನ ಮಂಚದ ಕೆಳಗೆ ಬಂದಾಗ ನಾನು ಗೋಡೆಯ ಕಡೆ ಮುಖ ಮಾಡುತ್ತಿದ್ದೆ.

ಮೂರು ವಾರಕ್ಕೆ ನೋವು ಇಳಿಯಿತು. ಆದರೆ ಧೈರ್ಯ ಬರಲಿಲ್ಲ. ನಿಂತರೆ ಮೇಲಿನ ಅರ್ಧ ದೇಹ ಕೆಳಗಿನ ಅರ್ಧದ ಮೇಲೆ ಸರಿಯಾಗಿ ಕೂತಿಲ್ಲ ಅನಿಸುತ್ತಿತ್ತು. ಮೆಟ್ಟಿಲು ಇಳಿಯುವಾಗ ಈಗ ಜಾರುತ್ತದೆ, ಆಗ ಜಾರುತ್ತದೆ ಎಂಬ ಭಯ. ಡಾಕ್ಟರ ಚೀಟಿ ಹಿಡಿದು, ಗಂಡನ ಹೆಗಲ ಮೇಲೆ ಕೈಯಿಟ್ಟು, ಓಣಿಯ ತುದಿಯಲ್ಲಿದ್ದ ಫಿಜಿಯೋಥೆರಪಿಸ್ಟ್ ಹತ್ತಿರ ಹೋದೆ. ಮೂವತ್ತು ವರ್ಷದ ಹೆಣ್ಣುಮಗಳು, ಮಾತು ಕಡಿಮೆ. ಒಂದು ಕೋಣೆ, ಒಂದು ಮಂಚ, ಗೋಡೆಗೆ ಒರಗಿಸಿದ ಎರಡು ಚಾಪೆ, ಇಷ್ಟೇ ಅವಳ ದವಾಖಾನೆ.

ನನ್ನನ್ನು ಬೋರಲು ಮಲಗಿಸಿ, ಹೊಟ್ಟೆಯ ಕೆಳಗೆ ತಲೆದಿಂಬು ಇಟ್ಟು, ಸೊಂಟದ ಬಳಿ ಬೆನ್ನೆಲುಬಿನ ಎರಡೂ ಬದಿ ಹೆಬ್ಬೆರಳು ಒತ್ತಿದಳು.

"ಮೇಡಂ, ಇಲ್ಲಿ ನನ್ನ ಬೆರಳು ಒಳಗ ಹೋಗಾಕತ್ತದ. ಹೋಗಬಾರದು. ಇಲ್ಲಿ ಗಟ್ಟಿ ಇರಬೇಕು."

ಎಂಆರ್‌ಐ ಚಿತ್ರ ತೆಗೆದು ಕಿಟಕಿಗೆ ಹಿಡಿದಳು. ಎಲುಬಿಗೆ ಅಂಟಿಕೊಂಡೇ ಇರುವ ಮಾಂಸಖಂಡ ಎರಡು ಕಪ್ಪು ಮುದ್ದೆಗಳಂತೆ ಕಾಣಬೇಕಂತೆ. ನನ್ನದರಲ್ಲಿ ಕಪ್ಪಿನ ನಡುವೆ ಬಿಳಿ ಗೆರೆಗಳು ಹರಿದಿದ್ದವು, ಮಾಂಸದ ಜಾಗದಲ್ಲಿ ಕೊಬ್ಬು.

"ಮ್ಯಾಲಿನ ಮಾಂಸಖಂಡ ಭಾರ ಎತ್ತೋದಕ್ಕ ಇರ್ತಾವ. ಇವು ಆಳದಾಗ ಇರೋವು, ಸಣ್ಣವು, ಬೆನ್ನೆಲುಬಿನ ಒಂದೊಂದು ಮಣಿನೂ ತನ್ನ ಜಾಗದಾಗ ಹಿಡದು ಇಡ್ತಾವ. ನೋವು ಬಂದ ಕೂಡ್ಲೇ ಇವು ಕೆಲಸ ಬಿಡ್ತಾವ. ನೋವು ಹೋದ ಮ್ಯಾಲ ತಾವಾಗೇ ತಿರುಗಿ ಬರೂದಿಲ್ಲ ರೀ. ನಾವು ಕರೀಬೇಕು."

"ಮತ್ತ ಇಷ್ಟು ದಿನ ನಾನು ನಡದದ್ದು ಹೆಂಗ?"

"ಮ್ಯಾಲಿನವು ಇವುಗಳ ಕೆಲಸಾನೂ ಮಾಡ್ಯಾವ. ಅದಕ್ಕ ಅವು ಕಲ್ಲಿನಂಗ ಬಿಗದಾವ ನೋಡ್ರಿ."

ಯಾರೋ ಮೊದಲ ಸಲ ನನ್ನ ನೋವಿಗೆ ಒಂದು ಜಾಗ ತೋರಿಸಿದ್ದರು. ಮಲಗಿದ್ದಲ್ಲೇ ಕಣ್ಣು ತುಂಬಿತು, ಬೋರಲು ಮಲಗಿದ್ದರಿಂದ ಯಾರಿಗೂ ಕಾಣಲಿಲ್ಲ.

ಅವಳು ಕೊಟ್ಟ ವ್ಯಾಯಾಮ ನೋಡಿದರೆ ಯಾರಾದರೂ ನಗಬೇಕು. ಮಗ್ಗುಲಾಗಿ ಮಲಗಿ, ಬೆನ್ನೆಲುಬಿನ ಪಕ್ಕ ಬೆರಳಿಟ್ಟುಕೊಂಡು, ಉಸಿರು ನಿಲ್ಲಿಸದೆ, ಬೆನ್ನು ಅಲುಗಿಸದೆ, ಬೆರಳ ಕೆಳಗಿನ ಮಾಂಸವನ್ನು ಮೆಲ್ಲಗೆ ಉಬ್ಬಿಸಬೇಕು. ಅಷ್ಟೇ. ನೋಡುವವರಿಗೆ ಹೆಂಗಸೊಬ್ಬಳು ಮಲಗಿದ್ದಾಳೆ ಅಷ್ಟೆ. ನನಗೆ ಬೆವರು ಬರುತ್ತಿತ್ತು. ಎಷ್ಟು ಪ್ರಯತ್ನಿಸಿದರೂ ಬೆರಳ ಕೆಳಗೆ ಏನೂ ಇಲ್ಲ. ಹಲ್ಲು ಕಚ್ಚಿದರೆ ಹೊಟ್ಟೆ ಬಿಗಿಯುತ್ತಿತ್ತು, ತೊಡೆ ಬಿಗಿಯುತ್ತಿತ್ತು, ಬೇಕಾದದ್ದು ಮಾತ್ರ ಸತ್ತಂತೆ ಇರುತ್ತಿತ್ತು. ಹತ್ತು ಹನ್ನೆರಡು ದಿನ ಹೀಗೆ ಕಳೆಯಿತು. ಒಂದು ಮುಂಜಾನೆ ಎಡಬದಿಯಲ್ಲಿ, ರೆಪ್ಪೆ ಅದುರಿದಷ್ಟು, ಏನೋ ಎದ್ದು ಮತ್ತೆ ಮಲಗಿತು. ಅವ್ವನನ್ನು ಕರೆದು ಬೆರಳಿಡಲು ಹೇಳಿದೆ. ಅವಳಿಗೆ ಏನೂ ತಿಳಿಯಲಿಲ್ಲ. "ಹೌದು ಬೇ, ಅದ ಅದ," ಎಂದಳು, ನನ್ನ ಮನಸ್ಸಿಗೆ ಬೇಜಾರಾಗಬಾರದೆಂದು.

ಅವತ್ತು ನಾನು ಇನ್ನೂ ಚಾಪೆಯ ಮೇಲೇ ಮಲಗಿದ್ದೆ. ಅವ್ವ ನನ್ನ ಪಕ್ಕ ನೆಲದ ಮೇಲೆ ಕೂತಿದ್ದವಳು ಒಲೆಯ ಮೇಲಿನ ಹಾಲು ನೆನಪಾಗಿ ಎದ್ದಳು. ಎರಡೂ ಅಂಗೈ ನೆಲಕ್ಕೂರಿದಳು. ಮೊದಲು ಹಿಂಭಾಗ ಮೇಲೆತ್ತಿದಳು. ಆಮೇಲೆ ಕೈಗಳನ್ನು ಮೊಣಕಾಲಿಗೆ ತಂದಳು, ಅಲ್ಲಿಂದ ತೊಡೆಗೆ, ತೊಡೆಯ ಮೇಲೆ ಒಂದೊಂದೇ ಗೇಣು ಹತ್ತಿಸುತ್ತ, ತನ್ನ ದೇಹವನ್ನೇ ಏಣಿ ಮಾಡಿಕೊಂಡು ನೆಟ್ಟಗಾದಳು. ನೆಟ್ಟಗಾದ ಮೇಲೆ ಒಂದು ಗಳಿಗೆ ಕಣ್ಣು ಮುಚ್ಚಿ ನಿಂತು, ನಂತರ ಹೆಜ್ಜೆ ಇಟ್ಟಳು.

ಹಿಂದಿನ ವಾರವಷ್ಟೇ ಆ ಫಿಜಿಯೋಥೆರಪಿಸ್ಟ್ ನನ್ನನ್ನು ಬಗ್ಗಿಸಿ ಏಳಿಸಿ, "ತೊಡಿ ಮ್ಯಾಲ ಕೈ ಇಟ್ಟು ಹತ್ತಾಕತ್ತೀರಿ ನೋಡ್ರಿ, ಬೆನ್ನಿನ ಒಳಗ ಬಲ ಇಲ್ಲಂದ್ರ ಹಿಂಗ ಏಳ್ತಾರ," ಎಂದಿದ್ದಳು. ಅದನ್ನೇ ಈಗ ನೋಡುತ್ತಿದ್ದೆ. ಹೊಸದಾಗಿ ನೋಡುತ್ತಿರಲಿಲ್ಲ. ನಾನು ಶಾಲೆಗೆ ಹೋಗುತ್ತಿದ್ದ ದಿನಗಳಿಂದಲೂ ಅವ್ವ ಎದ್ದದ್ದು ಹೀಗೆಯೇ. ತಾಯಂದಿರು ಏಳುವುದೇ ಹೀಗೆ ಎಂದು ನಾನು ತಿಳಿದಿದ್ದೆ.

ಹಾಲು ಇಳಿಸಿ ಬಂದವಳನ್ನು ಕೇಳಿದೆ.

"ಯವ್ವಾ, ನಿನಗ ಟೊಂಕ ಯಾವಾಗಿಂದ ಬೇನಿ ಅದ?"

"ನನಗೆಲ್ಲಿ ಬೇನಿ? ವಯಸ್ಸಾಯ್ತು ಬಿಡು."

"ವಯಸ್ಸಾಗೋಕಿಂತ ಮೊದಲೂ ನೀ ಹಿಂಗಽ ಏಳ್ತಿದ್ದಿ."

ಅವಳು ಸೆರಗಿನಿಂದ ಕೈ ಒರೆಸಿಕೊಂಡಳು. ಹೇಳುವುದಿಲ್ಲ ಅಂದುಕೊಂಡೆ. ಆದರೆ ಕೂತಳು.

"ನೀ ಐದನೇ ಇಯತ್ತ್ಯಾಗ ಇದ್ದಿ," ಎಂದಳು. "ಬಾಳಿ ಗೊನಿ ಹೊತ್ಕೊಂಡು ಕಾಲುವಿ ದಾಟಾಕತ್ತಿದ್ದೆ. ಕೆಸರಾಗ ಕಾಲು ಜಾರ್ತು. ಗೊನಿ ಬಿಡಬಾರದಂತ ಹಿಡದೆ, ಹಿಂದಕ್ಕ ಕುಂಡಿ ಮ್ಯಾಲ ಕುಂತಂಗ ಬಿದ್ದೆ. ಗೊನಿ ಮಡಿಲಾಗ. ಅವತ್ತು ಏಳಾಕಾಗಲಿಲ್ಲ. ಹೆಣ್ಮಕ್ಕಳು ನಾಕು ಮಂದಿ ಎತ್ತಿ ಮನಿಗೆ ತಂದ್ರು."

ನನಗೆ ಅದು ನೆನಪಿತ್ತು. ನೆನಪಿದ್ದದ್ದು ಇಷ್ಟೇ, ಅವತ್ತು ಅವ್ವ ಹಗಲು ಹೊತ್ತಿನಲ್ಲಿ ಮನೆಯಲ್ಲಿದ್ದಳು ಎಂಬ ಸಂತೋಷ.

"ಮರುದಿನ ಎದ್ದು ಹೋದಿಯಲ್ಲಾ?"

"ಹೋಗದಽ ಏನು ಮಾಡ್ಲಿ? ತೋಟದ ಸಾಹುಕಾರ ಸಂಜಿಕ ಹೇಳಿ ಕಳಿಸಿದ, ನಿನಗ ಆಗದಿದ್ರ ಮಗಳನ್ನ ಕಳಸು, ದೊಡ್ಡಾಕಿ ಆಗ್ಯಾಳಲ್ಲ ಅಂತ. ಒಂದು ಸಲ ಹೊಲಕ್ಕ ಹೋದ ಹುಡುಗಿ ಸಾಲಿಗೆ ತಿರುಗಿ ಬರೂದಿಲ್ಲ ಬೇ. ನಮ್ಮ ಓಣ್ಯಾಗ ಎಷ್ಟು ಮಂದೀನ ನೋಡಿದ್ದೆ. ಹಳೀ ಸೀರಿ ಹರದು ಟೊಂಕಕ್ಕ ಬಿಗದು ಕಟ್ಟಿಕೊಂಡೆ. ನಡದೆ."

ಅವಳು ಇದನ್ನು ಹೇಳಿದ್ದು ನಿನ್ನೆ ಸಂತೆಗೆ ಹೋಗಿದ್ದೆ ಎನ್ನುವ ಧ್ವನಿಯಲ್ಲಿ. ನಾನು ಐದನೇ ಇಯತ್ತೆ ಮುಗಿಸಿದ್ದು, ಆರು, ಏಳು, ಮೆಟ್ರಿಕ್, ಕಲಬುರಗಿಯ ಕಾಲೇಜು, ಈ ನೌಕರಿ, ಎಲ್ಲವೂ ಆ ಒಂದು ಬೆಳಿಗ್ಗೆ ಅವಳು ಎದ್ದು ಹೋದದ್ದರಿಂದ.

ಆಮೇಲೆ ಇನ್ನೊಂದು ನೆನಪಾಯಿತು. ಸಂಜೆ ಕೂಲಿಯಿಂದ ಬಂದು ಅವಳು ನೆಲಕ್ಕೆ ಬೋರಲು ಬೀಳುತ್ತಿದ್ದಳು. "ಬಾ ಯವ್ವಾ, ಒಂದೀಟು ತುಳಿ," ಎನ್ನುತ್ತಿದ್ದಳು. ನಾನು ಗೋಡೆ ಹಿಡಿದು ಅವಳ ಬೆನ್ನ ಮೇಲೆ ನಡೆಯುತ್ತಿದ್ದೆ. ಹೆಗಲಿನಿಂದ ಸೊಂಟಕ್ಕೆ, ಸೊಂಟದಿಂದ ಹೆಗಲಿಗೆ. ತಮ್ಮನೂ ನನಗೂ ಎಂದು ಜಗಳ ಮಾಡುತ್ತಿದ್ದ. ಅದು ನಮಗೆ ಆಟವಾಗಿತ್ತು. ಸೊಂಟದ ಹತ್ತಿರ ಕಾಲು ಬಂದಾಗ ಅವಳು ಉಸಿರು ಹಿಡಿಯುತ್ತಿದ್ದುದು, ಕಾಲು ದಾಟಿದ ಮೇಲೆ ಬಿಡುತ್ತಿದ್ದುದು ನನ್ನ ಪಾದಕ್ಕೆ ಗೊತ್ತಾಗುತ್ತಿತ್ತು. ಪಾದಕ್ಕೆ ಗೊತ್ತಿದ್ದರೂ ತಲೆಗೆ ಬರಲಿಲ್ಲ.

ಮುಂದಿನ ಸಲ ಹೋಗುವಾಗ ಅವಳನ್ನೂ ಕರೆದೊಯ್ದೆ. ಬರುವುದಿಲ್ಲ ಎಂದು ಹಟ ಹಿಡಿದಿದ್ದಳು. "ಸಾಯೋ ವಯಸ್ಸಿನಾಗ ಎಂಥಾ ಕಸರತ್ತು?" ಕೊನೆಗೆ ನನ್ನ ಜೊತೆಗೆ ಯಾರಾದರೂ ಬೇಕಲ್ಲ ಎಂದು ಹೇಳಿ ಹೊರಡಿಸಿದೆ. ಅದು ಅರ್ಧ ಸುಳ್ಳು.

ಫಿಜಿಯೋಥೆರಪಿಸ್ಟ್ ಅವಳನ್ನು ಮಲಗಿಸಿ ಬೆರಳಿಟ್ಟಳು. ನನ್ನ ಬೆನ್ನ ಮೇಲೆ ಇಟ್ಟ ಕೂಡಲೇ ಮಾತಾಡಿದ್ದವಳು ಈ ಸಲ ತಡಮಾಡಿದಳು. ಮೇಲಿನ ಮಾಂಸಖಂಡಗಳು ಹಗ್ಗದ ಹುರಿಯಂತೆ ನಿಂತಿದ್ದವು. ಅವುಗಳ ನಡುವೆ, ಬೆನ್ನೆಲುಬಿನ ಗುಂಟ, ಸಣ್ಣ ಕಾಲುವೆಯಂತೆ ತಗ್ಗು.

"ಅಮ್ಮಾ, ಎಷ್ಟು ವರ್ಷದಿಂದ?"

"ಈಕಿ ಸಣ್ಣಾಕಿ ಇದ್ದಾಗಿಂದ."

"ಅಷ್ಟು ವರ್ಷ ಹೆಂಗ ಕೆಲಸ ಮಾಡಿದ್ರಿ?"

ಅವ್ವ ತಲೆಯೆತ್ತಿ ಅವಳ ಮುಖ ನೋಡಿದಳು. ಆ ಪ್ರಶ್ನೆಗೆ ಉತ್ತರ ಬೇಕಾಗುತ್ತದೆ ಎಂದು ಅವಳಿಗೆ ಅನಿಸಿದಂತಿರಲಿಲ್ಲ.

ಆ ಹೆಣ್ಣುಮಗಳು ನನ್ನನ್ನು ಬಾಗಿಲ ಬಳಿ ಕರೆದು, ಸುಳ್ಳು ಆಸೆ ತೋರಿಸುವುದಿಲ್ಲ ಎಂದು ಹೇಳಿದಳು. ಹೋದದ್ದು ಪೂರ್ತಿ ಬರುವುದಿಲ್ಲ. ಆದರೆ ಉಳಿದಿರುವುದು ಕೆಲಸ ಕಲಿಯಬಹುದು, ನೋವು ಸ್ವಲ್ಪ ತಗ್ಗಬಹುದು. ಭಾರದ ಕೆಲಸ ಮಾಡಿದವರ ಬೆನ್ನು ಗಟ್ಟಿ ಎಂದು ಜನ ತಿಳಿಯುತ್ತಾರೆ, ತನ್ನ ಹತ್ತಿರ ಬರುವವರಲ್ಲಿ ಕೂತು ಕೆಟ್ಟವರೂ ಇದ್ದಾರೆ, ಹೊತ್ತು ಕೆಟ್ಟವರೂ ಇದ್ದಾರೆ, ಒಳಗೆ ನೋಡಿದರೆ ಕೆಲವೊಮ್ಮೆ ಒಂದೇ ಥರ ಇರುತ್ತದೆ ಎಂದಳು.

ಹೀಗೆ ನಾವಿಬ್ಬರೂ ಮುಂಜಾನೆ ಜಮಖಾನ ಹಾಸಿಕೊಂಡು ಅಕ್ಕಪಕ್ಕ ಮಲಗತೊಡಗಿದೆವು. ಅವ್ವನಿಗೆ ಸುಮ್ಮನೆ ಮಲಗುವುದೇ ಬರುತ್ತಿರಲಿಲ್ಲ. ಎರಡು ನಿಮಿಷಕ್ಕೆ, "ಅಕ್ಕಿ ಆರಿಸಬೇಕಿತ್ತು," ಎನ್ನುತ್ತಿದ್ದಳು. ಉಸಿರು ಬಿಡು ಎಂದರೆ ಹಿಡಿಯುತ್ತಿದ್ದಳು. ಉಸಿರು ಹಿಡಿದೇ ಬದುಕಿದವಳಿಗೆ ಬಿಡುತ್ತ ಬಲ ಹಾಕುವುದು ತಲೆಕೆಳಗಾದ ಮಾತಾಗಿತ್ತು. ಮೂರನೇ ವಾರ ಅಂಬೆಗಾಲಿನಲ್ಲಿ ನಿಂತು ಒಂದು ಕೈ ಮುಂದಕ್ಕೆ, ಎದುರಿನ ಕಾಲು ಹಿಂದಕ್ಕೆ ಎತ್ತುವ ವ್ಯಾಯಾಮ ಬಂತು. ಮಗಳು ನಗುತ್ತ ಅಜ್ಜಿಯ ಸೊಂಟದ ಮೇಲೆ ಸ್ಟೀಲ್ ತಟ್ಟೆ ಇಟ್ಟಳು, ಅಲುಗಬಾರದೆಂದು. ಅವ್ವ ಕೂಡ ನಕ್ಕಳು. ಕೈ ಎತ್ತಿದಳು. ತಟ್ಟೆ ಜಾರಿತು, ಅವಳೂ ಜಾರಿ ಜಮಖಾನದ ಮೇಲೆ ಮುಖವಿಟ್ಟು ಬಿದ್ದಳು.

ಏಳುತ್ತಾಳೆ ಎಂದು ಕಾದೆವು. ಏಳಲಿಲ್ಲ. ಹತ್ತಿರ ಹೋಗಿ ನೋಡಿದರೆ ಅಳುತ್ತಿದ್ದಳು. ಅಪ್ಪ ಸತ್ತಾಗ ಬಿಟ್ಟರೆ ಅವಳು ಅತ್ತದ್ದು ನಾನು ನೋಡಿರಲಿಲ್ಲ.

"ಬೇನಿ ಆಯ್ತೇನು?"

"ಇಲ್ಲ," ಎಂದಳು. "ನನ್ನ ಕೈ ನನಗ ಎತ್ತಾಕಾಗವಲ್ದು ಬೇ. ಎಷ್ಟು ಭಾರ ಎತ್ತೀನಿ ನಾ. ಬರಿಗೈ ಎತ್ತಾಕ ಆಗವಲ್ದು."

ನಾನು ಅವಳ ಪಕ್ಕ ಮಲಗಿದೆ. ಮಗಳು ತಟ್ಟೆ ತೆಗೆದುಕೊಂಡು ಒಳಗೆ ಹೋದಳು. ಆ ದಿನ ವ್ಯಾಯಾಮ ಮಾಡಲಿಲ್ಲ. ಮರುದಿನ ಅವ್ವ ನನಗಿಂತ ಮೊದಲೇ ಎದ್ದು ಜಮಖಾನ ಹಾಸಿದ್ದಳು.

ನಾನು ಎರಡು ತಿಂಗಳ ಮೇಲೆ ಕೆಲಸಕ್ಕೆ ಮರಳಿದೆ. ಖುರ್ಚಿ ಬದಲಿಸಲು ಅರ್ಜಿ ಕೊಟ್ಟೆ. ಅರ್ಧ ಗಂಟೆಗೊಮ್ಮೆ ಎದ್ದು ನಿಲ್ಲುತ್ತೇನೆ, ಯಾರು ಏನೆಂದರೂ ಸರಿ. ಆರು ತಿಂಗಳಿಗೆ ಬಗ್ಗುವ ಹೆದರಿಕೆ ಹೋಯಿತು. ನೋವು ಪೂರ್ತಿ ಹೋಗಿಲ್ಲ, ವ್ಯಾಯಾಮ ನಾಲ್ಕು ದಿನ ಬಿಟ್ಟರೆ ಐದನೇ ದಿನ ಬಂದು ಬಾಗಿಲು ತಟ್ಟುತ್ತದೆ. ಅವ್ವನ ಬೆನ್ನಿನ ತಗ್ಗು ತುಂಬಲಿಲ್ಲ. ಆದರೆ ಮಗ್ಗುಲು ಬದಲಿಸುವಾಗ ನರಳುವುದು ಕಡಿಮೆಯಾಯಿತು, ಕೈ ಒಂದು ಗೇಣು ಎತ್ತಿ ಹಿಡಿಯುವಷ್ಟಾಯಿತು. ಅಷ್ಟು ಸಾಕೆಂದು ಕಮಲಾಪುರಕ್ಕೆ ಹೊರಟಳು. ತಮ್ಮನ ಹೆಂಡತಿ ಎರಡನೇ ಹೆರಿಗೆಗೆ ದಿನ ತುಂಬಿಕೊಂಡಿದ್ದಳು.

ಕೂಸು ಹುಟ್ಟಿ ಮೂರು ತಿಂಗಳಾದ ಮೇಲೆ ಒಂದು ಭಾನುವಾರ ನಾನು ಊರಿಗೆ ಹೋದೆ. ಮನೆಯಲ್ಲಿ ತಮ್ಮ ಕೂಸನ್ನು ಎದೆಗಾನಿಸಿಕೊಂಡು ಬಾಗಿಲಲ್ಲಿ ಅತ್ತಿತ್ತ ಅಡ್ಡಾಡುತ್ತಿದ್ದ. ಒಳಗೆ ತಮ್ಮನ ಹೆಂಡತಿ ಚಾಪೆಯ ಮೇಲೆ ಮಗ್ಗುಲಾಗಿ ಮಲಗಿದ್ದಳು. ಹೆರಿಗೆಯಾದಾಗಿನಿಂದ ಸೊಂಟ ಹಿಡಿಯುತ್ತಿದೆ ಎಂದು ಅವಳು ಯಾರಿಗೂ ಹೇಳಿರಲಿಲ್ಲವಂತೆ. ನೀರಿನ ಕೊಡ ಎತ್ತುವಾಗ ಅವ್ವ ಅವಳ ಮುಖ ನೋಡಿ, ಕೊಡ ಕೆಳಗಿಡು ಎಂದಿದ್ದಳಂತೆ.

ನನ್ನನ್ನು ನೋಡಿ ಹುಡುಗಿ ಏಳಲು ಹೋದಳು. ಅವ್ವ ಅವಳ ಭುಜ ಒತ್ತಿ ಮಲಗಿಸಿದಳು. ಬಾಳೆಯ ಕರೆ ಹತ್ತಿ ಕಪ್ಪಾದ ಅವಳ ಬೆರಳು ಸೊಸೆಯ ಬೆನ್ನೆಲುಬಿನ ಪಕ್ಕದಲ್ಲಿತ್ತು.

"ಆಕಿ ನಮ್ಮಾಕಿ, ಆಮ್ಯಾಲ ಮಾತಾಡ್ತಾಳ. ನೀ ಉಸಿರು ಬಿಡು," ಎಂದಳು. "ಬಿಟ್ಟಿ? ಹಾಂ. ಈಗ ನನ್ನ ಬೆರಳ ಕೆಳಗ ಮೆಲ್ಲಗ ಉಬ್ಬಿಸು. ಜೋರು ಮಾಡಬ್ಯಾಡ. ಬರ್ತದ, ಇವತ್ತಽ ಬರಬೇಕಂತ ಇಲ್ಲ."

ನಾನು ಕೈಕಾಲು ತೊಳೆದುಕೊಂಡು ಬಂದು, ತಮ್ಮನ ಕೈಯಿಂದ ಕೂಸನ್ನು ತೆಗೆದುಕೊಂಡೆ. ಅವನು ಕೊಡ ಹಿಡಿದು ನೀರಿಗೆ ಹೋದ.